ಹಳೇ ಡೆಸ್ಕ್‌ಟಾಪಿಗೆ ಹೊಸ ರ‍್ಯಾಮ್: ಕ್ರೂಷಿಯಲ್ 8 ಜಿಬಿ ಡಿಡಿಆರ್4, ಒಂದೂವರೆ ವರ್ಷ ಬಳಸಿದ ಮೇಲೆ

ಸ್ಟಿಕ್ಕಿಗೆ (ಕಂಪ್ಯೂಟರ್ ಕೆಲಸ ಮಾಡುವಾಗ ಬಳಸೋ ತಾತ್ಕಾಲಿಕ ಮೆಮೊರಿನೇ ರ‍್ಯಾಮು, ಅದ್ರ ಪಟ್ಟಿಯೇ ಸ್ಟಿಕ್ಕು, ಡಿಡಿಆರ್4 ಅದ್ರ ತಲೆಮಾರು) 5ಕ್ಕೆ 4. ಬಿಚ್ಚಿ ನೋಡಿಕೊಟ್ಟ ರಿಪೇರಿಯವನಿಗೆ 5ಕ್ಕೆ 5. ಮೊದಲು ಹೋದ ಅಂಗಡಿಗೆ ಎಂತ ಕೊಡೋದು ಅಂತ ಕೆಳಗೆ ಓದಿ ನೀವೇ ಹೇಳಿ, ಹೆಸರು ಮಾತ್ರ ಕೇಳ್ಬೇಡಿ, ಕುಮಟಾ ಸಣ್ಣ ಊರು, ದಿನಾ ಬೆಳಿಗ್ಗೆ ಎದ್ರೆ ಅವ್ರ ಮುಖ ನಾನು ನೋಡ್ಬೇಕು, ನನ್ನ ಮುಖ ಅವ್ರು ನೋಡ್ಬೇಕು.

ನಾನು ಕಂಪ್ಯೂಟರ್ ಪಂಡಿತ ಅಲ್ಲ. ಮದುವೆ ಮುಂಜಿ ಗೃಹಪ್ರವೇಶದ ಫೋಟೋ ಹೊಡೆಯೋನು, ಆಲ್ಬಂ ಡಿಸೈನು ನಾನೇ ಕೂತು ಮಾಡ್ಕೊಳ್ಳೋದು. ಸಿಸ್ಟಮ್ಮು 2017ರಲ್ಲಿ ಅಸೆಂಬಲ್ ಮಾಡಿಸಿದ್ದು, ಇಂಟೆಲ್ ಐ5-7400 ಪ್ರೊಸೆಸರು, ಎಚ್110 ಮದರ್‌ಬೋರ್ಡು, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ರ‍್ಯಾಮ್ ಮೊದಲು 4 ಜಿಬಿ ಒಂದೇ ಇತ್ತು, ಎರಡು ವರ್ಷ ಬಿಟ್ಟು ಇನ್ನೊಂದು 4 ಹಾಕಿಸಿ 8 ಮಾಡಿದ್ದೆ. ಅಷ್ಟ್ರಲ್ಲೇ ಏಳು ವರ್ಷ ದುಡಿದಿದ್ದೇನೆ ಅಂದ್ರೆ ಈಗಿನ ಹುಡುಗ್ರು ನಗ್ತಾರೆ. ನಗೋದಕ್ಕೆ ಕಾರಣನೂ ಇದೆ, ಲೆಕ್ಕ ಹಾಕಿ ನೋಡಿ: ನಾವು ಆಲ್ಬಂಗೆ ಮಾಡೋ ಒಂದು ಶೀಟು 12×36 ಇಂಚು, 300 ಡಿಪಿಐ (ಇಂಚಿಗೆ 300 ಚುಕ್ಕಿ), ಅಂದ್ರೆ 10,800 × 3,600 ಪಿಕ್ಸೆಲ್, ಹೆಚ್ಚುಕಮ್ಮಿ 3.9 ಕೋಟಿ ಪಿಕ್ಸೆಲ್ಲು. ಪಿಕ್ಸೆಲ್ಲಿಗೆ 3 ಬೈಟು ಅಂತ ಹಿಡಿದ್ರೂ ಒಂದು ಪೂರ್ತಿ ಲೇಯರಿಗೇ 110 ಎಂಬಿ ದಾಟ್ತದೆ. ಹಿಂದುಗಡೆ ಒಂದು ಬ್ಯಾಕ್‌ಗ್ರೌಂಡು, ಮೇಲೆ ಐದಾರು ಫೋಟೋ, ಅದ್ರ ಮೇಲೆ ಹೂವು ಬಳ್ಳಿ, ಮದುಮಗಳ ಅಪ್ಪ ಕೇಳಿದ್ರು ಅಂತ ಗಣಪತಿ, ಆಮೇಲೆ ಹಿಂದೆ ಹೋಗೋದಕ್ಕೆ ಬೇಕಾಗೋ ಹಿಸ್ಟರಿ, ಫೋಟೋಶಾಪು 2-3 ಜಿಬಿ ತಿನ್ನೋದಕ್ಕೆ ಹೊತ್ತೇ ಬೇಡ. ಅದ್ರ ಜೊತೆ ವಿಂಡೋಸು, ಬ್ರೌಸರು, ವಾಟ್ಸಾಪ್ ವೆಬ್ಬು. ರ‍್ಯಾಮ್ ತುಂಬಿದ್ಮೇಲೆ ಅದು ಹಾರ್ಡ್ ಡಿಸ್ಕಿಗೆ ಬರೀಲಿಕ್ಕೆ ಶುರು ಮಾಡ್ತದೆ, ಆಗ ನಾನು ಎದ್ದು ಹೋಗಿ ಚಾ ಕುಡ್ದು ಬರ್ತಿದ್ದೆ.

ನಿಧಾನ ಆಗೋದು ಅಭ್ಯಾಸ ಆಗಿತ್ತು, ಆದ್ರೆ 2024ರ ಜೂನ್ ಕೊನೆಗೆ ಬೇರೆ ತರದ ಕಾಟ ಶುರುವಾಯ್ತು. ಫೈಲ್ ಸೇವ್ ಮಾಡುವಾಗ ನೀಲಿ ಸ್ಕ್ರೀನ್ ಬಂದು ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ತೋರಿಸಿ ರಿಸ್ಟಾರ್ಟ್. ಕೆಲವು ದಿನ ಬೆಳಿಗ್ಗೆ ಆನ್ ಮಾಡಿದ್ರೆ ಫ್ಯಾನ್ ತಿರುಗ್ತದೆ, ಲೈಟ್ ಉರೀತದೆ, ಸ್ಕ್ರೀನ್ ಮಾತ್ರ ಕಪ್ಪು. ಅದಕ್ಕಿಂತ ಹೊಟ್ಟೆ ಉರಿದದ್ದು ಒಂದು ಮದುವೆ ಫೋಟೋ ಎಕ್ಸ್‌ಪೋರ್ಟ್ ಮಾಡಿದ್ರೆ ಧಾರೆ ಸೀರೆಯ ನಡುಮಧ್ಯೆ ಅಡ್ಡಕ್ಕೆ ಒಂದು ಬೂದಿ ಬಣ್ಣದ ಪಟ್ಟಿ. ನಾನು ಕ್ಯಾಮೆರಾದ ಮೆಮೊರಿ ಕಾರ್ಡ್ ಹಾಳಾಗಿದೆ ಅಂದ್ಕೊಂಡು ಹೊಸ ಕಾರ್ಡ್ ತಂದೆ, ಸುಮ್ನೆ ಖರ್ಚು. ಕಾರ್ಡಲ್ಲಿದ್ದ ಒರಿಜಿನಲ್ ಫೋಟೋಗೆ ಎಂತದೂ ಆಗಿರ್ಲಿಲ್ಲ, ಕಂಪ್ಯೂಟರ್ ಒಳಗೆ ಬಂದು ವಾಪಸ್ ಹೊರಗೆ ಹೋಗುವಾಗ ಕೆಡ್ತಾ ಇತ್ತು. ರ‍್ಯಾಮ್ ಕೆಟ್ರೆ ಬರೀ ಹ್ಯಾಂಗ್ ಆಗೋದಲ್ಲ, ನಿಮ್ಮ ಫೈಲನ್ನೂ ಸದ್ದಿಲ್ಲದೆ ಕೆಡಿಸ್ತದೆ ಅನ್ನೋದು ನಂಗೆ ಆಗ್ಲೇ ಗೊತ್ತಾದದ್ದು.

ಆ ಅಂಗಡಿಗೆ ಹೋದೆ. ಕಷ್ಟ ಎಲ್ಲಾ ಹೇಳಿದೆ. ಸಿಪಿಯು ತರ್ಲಾ ಅಂದ್ರೆ "ಎಂತಕ್ಕೆ ತರೋದು, 2017ರದ್ದಾ, ಹಾಗಾದ್ರೆ ಡಿಡಿಆರ್4, ಡಿಡಿಆರ್4 ಎಲ್ಲಾ ಒಂದೇ" ಅಂತ ಡ್ರಾಯರಿಂದ ಒಂದು 8 ಜಿಬಿ ತೆಗೆದು ಕೊಟ್ರು. ಪ್ಯಾಕಿಲ್ಲ, ಒಂದು ಪ್ಲಾಸ್ಟಿಕ್ ಕೊಟ್ಟೆ, ಮೇಲೊಂದು ಸ್ಟಿಕರ್, ನಾನು ಯಾವತ್ತೂ ಕೇಳದ ಹೆಸರು, ಸ್ಪೀಡ್ 2666 ಅಂತ ಬರೆದಿತ್ತು. 1,400 ರೂಪಾಯಿ. ಬಿಲ್ ಕೇಳಿದ್ದಕ್ಕೆ "ನಮ್ಮ ಊರವ್ರಿಗೆ ಬಿಲ್ಲಾ" ಅಂದ್ರು, ನಂಗೂ ನಾಚಿಕೆ ಆಗಿ ಸುಮ್ನಾದೆ, ಅಲ್ಲೇ ನಾನು ಕೆಟ್ಟದ್ದು. ಮನೆಗೆ ಅವ್ರ ಹುಡುಗನೇ ಬಂದು ಹಾಕಿ ಹೋದ, ಸಿಸ್ಟಮ್ ಆನ್ ಆಯ್ತು, 12 ಜಿಬಿ ತೋರಿಸ್ತು, ಖುಷಿಯಾಯ್ತು, ಮರುದಿನ ಮಧ್ಯಾಹ್ನ ಮತ್ತೆ ನೀಲಿ ಸ್ಕ್ರೀನು.

ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದೋ ಅಕ್ಕನ ಮಗನಿಗೆ ಫೋನ್ ಮಾಡಿದೆ. "ಮಾವ, ಮೆಮ್‌ಟೆಸ್ಟ್86 ಹಾಕಿ ನೋಡಿ" ಅಂದ. ಪೆನ್‌ಡ್ರೈವಿಗೆ ಹಾಕಿ ಅದ್ರಿಂದಲೇ ಬೂಟ್ ಮಾಡೋದು, ಫ್ರೀ ಸಿಗ್ತದೆ, ವಿಂಡೋಸ್ ಒಳಗೆ ಹೋಗೋದೇ ಇಲ್ಲ. ರ‍್ಯಾಮಿನ ಒಂದೊಂದು ಮನೆಗೂ ಏನೋ ಬರೀತದೆ, ವಾಪಸ್ ಓದ್ತದೆ, ಬರೆದದ್ದೇ ಬಂತಾ ಅಂತ ನೋಡ್ತದೆ, ಬೇರೆ ಬೇರೆ ನಮೂನೆಯಲ್ಲಿ ಅದನ್ನೇ ತಿರುಗಾ ಮುರುಗಾ. ಹತ್ತು ನಿಮಿಷ ಆಗಿಲ್ಲ, ಕೆಂಪು ಗೆರೆ ಮೇಲೆ ಕೆಂಪು ಗೆರೆ. ಎಣಿಕೆ ಸೊನ್ನೆ ಇರ್ಬೇಕಂತೆ, ಒಂದು ತಪ್ಪು ಬಂದ್ರೂ ಆ ಸ್ಟಿಕ್ ನಂಬೋ ಹಾಗಿಲ್ಲ, ನಂದು ಸಾವಿರದ ಲೆಕ್ಕದಲ್ಲಿ ಓಡ್ತಾ ಇತ್ತು. ಮೊಬೈಲಲ್ಲಿ ಫೋಟೋ ಹೊಡ್ಕೊಂಡು ಅಂಗಡಿಗೆ ಹೋದ್ರೆ ಅವ್ರು ಹೇಳಿದ ಮಾತು ನಾನು ಸಾಯೋವರೆಗೆ ಮರೆಯೋದಿಲ್ಲ: "ಇಂಥ ಟೆಸ್ಟ್ ಗಿಸ್ಟ್ ಎಲ್ಲಾ ಹಾಕ್ತೀರಲ್ಲ, ಅದ್ರಿಂದಲೇ ರ‍್ಯಾಮ್ ಹಾಳಾಗೋದು!" ಅಂದ್ರೆ ಜ್ವರ ಬಂದದ್ದು ಥರ್ಮಾಮೀಟರಿಂದ. ದುಡ್ಡು ವಾಪಸ್ ಇಲ್ಲ, ಬಿಲ್ ಇಲ್ಲ ಅಲ್ವಾ, ತುಂಬಾ ಗಲಾಟೆ ಮಾಡಿದ್ಮೇಲೆ ಸ್ಟಿಕ್ ವಾಪಸ್ ತಗೊಂಡು ಒಂದು ಕೀಬೋರ್ಡು ಮೌಸು ಕೊಟ್ರು. ಈಗ ಅದ್ರಲ್ಲೇ ಇದನ್ನ ಟೈಪ್ ಮಾಡ್ತಾ ಇದ್ದೇನೆ, ಸ್ಪೇಸ್ ಕೀ ಬಲಗಡೆ ಒತ್ತಿದ್ರೆ ಮಾತ್ರ ಕೇಳ್ತದೆ.

ಆಮೇಲೆ ಯಾರೋ ಹೇಳಿದ್ರು ಅಂತ ಒಬ್ಬ ರಿಪೇರಿಯವನ ಹತ್ರ ಹೋದೆ. ಘಟ್ಟದ ಮೇಲಿನವ, ಸಿರ್ಸಿ ಕಡೆಯವ, ಕುಮಟಾದಲ್ಲಿ ಒಂದು ಸಣ್ಣ ಖೋಲಿ, ಹೊರಗೆ ಬೋರ್ಡೂ ಸರಿಯಾಗಿ ಇಲ್ಲ. ಬಾಗಿಲಲ್ಲಿ ನಿಂತು ರ‍್ಯಾಮ್ ಇದೆಯಾ ಕೇಳಿದೆ, ತಲೆ ಎತ್ತದೆ "ಹಳೇ ಸ್ಟಿಕ್ ತಂದಿದೀರಾ?" ಅಂದ. ಇಲ್ಲ ಅಂದೆ. "ಹಾಗಾದ್ರೆ ಸಿಪಿಯುನೇ ತನ್ನಿ ಮಾರಾಯ್ರೆ, ನೋಡದೆ ನಾನೆಂತ ಹೇಳೋದು." ಇಷ್ಟು ಒಂದು ಮಾತು ಆ ಅಂಗಡಿಯವ್ರು ಕೇಳಿದ್ರೆ ನನ್ನ 1,400 ಉಳೀತಿತ್ತು.

ತಗೊಂಡು ಹೋದೆ. ಸೈಡ್ ಬಾಗಿಲು ತೆಗೆದ ಕೂಡ್ಲೆ ಇಬ್ರೂ ಹಿಂದೆ ಸರಿದ್ವಿ, ಒಂದು ಮೂಲೆಯಲ್ಲಿ ಇರುವೆ ಮೊಟ್ಟೆ ಸಮೇತ ಸಂಸಾರ ಹೂಡಿದೆ, ಹಲ್ಲಿ ಹಿಕ್ಕೆ ಬೇರೆ. ಕರಾವಳಿಯಲ್ಲಿ ಇದೆಲ್ಲ ಮಾಮೂಲು, ಅದಕ್ಕಿಂತ ಕಷ್ಟ ಗಾಳಿ. ಕ್ಯಾಮೆರಾ ಲೆನ್ಸಿಗೆ ಬೂಷ್ಟು ಹಿಡಿಯೋದು ನಮಗೆ ಗೊತ್ತು, ಕಪಾಟಿನ ಒಳಗೆ ಬಲ್ಬ್ ಹಚ್ಚಿಟ್ಟು ಬೆಚ್ಚಗೆ ಇಡ್ತೇವೆ, ಸಿಲಿಕಾ ಜೆಲ್ ಇಡ್ತೇವೆ, ಆದ್ರೆ ಪಕ್ಕದಲ್ಲೇ ಕೂತ ಸಿಪಿಯು ಬಗ್ಗೆ ಯಾರಿಗೆ ನೆನಪಾಗ್ತದೆ. ರ‍್ಯಾಮಿನ ಕೆಳಗೆ ಇರೋ ಬಂಗಾರದ ಬಣ್ಣದ ಹಲ್ಲುಗಳಿಗೆ ಮಂಕು ಹಿಡಿದಿತ್ತು. ಆತ ಮಕ್ಕಳ ಪೆನ್ಸಿಲ್ ರಬ್ಬರ್ ತಗೊಂಡು ಒಂದೇ ದಿಕ್ಕಲ್ಲಿ ಮೆತ್ತಗೆ ಉಜ್ಜಿದ, ಉಜ್ಜಿದ ಚೂರು ಸ್ಲಾಟಿನ ಒಳಗೆ ಬೀಳ್ಬಾರ್ದು ಅಂತ ದೂರ ಹಿಡಿದು, ಆಮೇಲೆ ಬ್ರಷ್ಷಲ್ಲಿ ಗುಡಿಸಿದ, ಸ್ಲಾಟಿಗೆ ಊದೋ ಮಷಿನ್ನಲ್ಲಿ ಗಾಳಿ ಹೊಡೆದ. ಬಾಯಲ್ಲಿ ಊದ್ಬೇಡಿ, ಉಗುಳು ಹಾರ್ತದೆ ಅಂದ. ಬೆಳಿಗ್ಗೆ ಕಪ್ಪು ಸ್ಕ್ರೀನ್ ಬರ್ತಿದ್ದದ್ದಕ್ಕೆ ಈ ಕೊಳೆಯೇ ಕಾರಣ ಇರ್ಬಹುದು ಅಂತ ಅವನ ಲೆಕ್ಕ, ಅಷ್ಟೇ ಆಗಿದ್ರೆ ಹೊಸ ರ‍್ಯಾಮ್ ಬೇಡಾಗಿತ್ತು. ಆದ್ರೆ ಒಂದೊಂದೇ ಸ್ಟಿಕ್ ಹಾಕಿ ಟೆಸ್ಟ್ ಹಚ್ಚಿದಾಗ ಹಳೇದು ಚೆನ್ನಾಗಿ ಓಡ್ತು, ಆಮೇಲೆ ಸೇರಿಸಿದ್ದು ಕೈಕೊಟ್ತು. ಸ್ಲಾಟ್ ಬದಲಾಯಿಸಿ ಹಾಕಿದ್ರೂ ತಪ್ಪು ಅದೇ ಸ್ಟಿಕ್ಕಿನ ಹಿಂದೆ ಹೋಯ್ತು, ಹಾಗಾಗಿ ಬೋರ್ಡಿನ ದೋಷ ಅಲ್ಲ ಅಂತ ಖಾತ್ರಿ. ಎರಡೂ ಹಾಕಿ ನೋಡಿ ಎರಡೂ ಹೋಗಿದೆ ಅಂತ ಹೇಳೋರೇ ಜಾಸ್ತಿ ನಮ್ಮಲ್ಲಿ.

ಎಷ್ಟು ಕೊಡ್ಲಿ ಅಂದ್ರೆ 200. ರ‍್ಯಾಮ್ ನೀವೇ ಕೊಡಿ ಅಂದ್ರೆ ನಾನು ಇಡೋದಿಲ್ಲ, ಆನ್‌ಲೈನಲ್ಲಿ ತರಿಸ್ಕೊಳ್ಳಿ, ಹಾಕೋದಕ್ಕೆ ನನ್ನ ಹತ್ರ ಬರ್ಬೇಡಿ, ಬಲ್ಬ್ ಹಾಕೋದಕ್ಕೆ ಕರೆಂಟಿನವನನ್ನ ಕರೀತೀರಾ ಅಂದ. ಮತ್ತೆ ಒಂದು ಚೀಟಿಯಲ್ಲಿ ಬರೆದುಕೊಟ್ಟ, ಆ ಚೀಟಿ ಇನ್ನೂ ನನ್ನ ಮಾನಿಟರ್ ಹಿಂದೆ ಅಂಟಿಸಿದೆ: ಡಿಡಿಆರ್4, ಡೆಸ್ಕ್‌ಟಾಪಿಂದು, 288 ಪಿನ್ನು, 1.2 ವೋಲ್ಟು, 8+8, ಎರಡೂ ಒಂದೇ ಕಂಪನಿ ಒಂದೇ ನಂಬರು.

ಇದ್ರಲ್ಲಿ ಒಂದೊಂದಕ್ಕೂ ಅರ್ಥ ಇದೆ. ಡಿಡಿಆರ್3ಕ್ಕೆ 240 ಪಿನ್, 1.5 ವೋಲ್ಟು; ಡಿಡಿಆರ್4ಕ್ಕೆ 288; ಡಿಡಿಆರ್5ಕ್ಕೂ 288ನೇ, ವೋಲ್ಟು 1.1, ಆದ್ರೆ ಕೆಳಗಿನ ಕಚ್ಚು ಇರೋ ಜಾಗ ಮೂರಕ್ಕೂ ಬೇರೆ ಬೇರೆ, ಬೇಕು ಅಂತಲೇ ಹಾಗೆ ಮಾಡಿದ್ದು, ತಪ್ಪು ಸ್ಟಿಕ್ ಕೂರಬಾರ್ದು ಅಂತ. ಕೂರೋದಿಲ್ಲ ಅಂದ್ರೆ ಅದು ನಿಮ್ಮ ಬೋರ್ಡಿಂದಲ್ಲ ಅಂತ ತಿಳ್ಕೊಳ್ಳಿ, ಹಲಸಿನಕಾಯಿ ಒತ್ತಿದ ಹಾಗೆ ಒತ್ಬೇಡಿ. ಲ್ಯಾಪ್‌ಟಾಪಿಂದು ಗಿಡ್ಡ ಇರ್ತದೆ, ಆನ್‌ಲೈನಲ್ಲಿ ಎರಡೂ ಪಕ್ಕ ಪಕ್ಕ ಬರ್ತವೆ, ಹೆಸರೂ ಹತ್ರ ಹತ್ರ, ರೇಟೂ ಹತ್ರ ಹತ್ರ, ನನ್ನ ಪರಿಚಯದ ಒಬ್ರು ಗಿಡ್ಡದ್ದು ತರಿಸಿ ಡೆಸ್ಕ್‌ಟಾಪ್ ಸ್ಲಾಟಲ್ಲಿ ಅರ್ಧಕ್ಕೆ ಹಿಡ್ಕೊಂಡು ನಂಗೆ ಫೋಟೋ ಕಳಿಸಿದ್ರು.

8+8 ಯಾಕೆ, ಒಂದೇ 16 ಯಾಕಲ್ಲ? ಒಂದೇ ತಗೊಂಡ್ರೆ ಇನ್ನೊಂದು ಸ್ಲಾಟ್ ಮುಂದಕ್ಕೆ ಉಳೀತದೆ, ನನ್ನ ಬೋರ್ಡು 32 ಜಿಬಿವರೆಗೆ ತಗೊಳ್ತದೆ, ಅದು ಸರಿಯಾದ ಮಾತೇ. ಆದ್ರೆ ಎರಡು ಸ್ಟಿಕ್ ಇದ್ರೆ ಪ್ರೊಸೆಸರು ಎರಡೂ ದಾರಿಯಲ್ಲಿ ಒಟ್ಟಿಗೆ ಓಡಾಡ್ತದೆ, ಡ್ಯುಯಲ್ ಚಾನಲ್ ಅನ್ನೋದು ಇದನ್ನೇ. 2400 ಸ್ಪೀಡಿನ ಒಂದು ಸ್ಟಿಕ್ಕಿಂದ ಸೆಕೆಂಡಿಗೆ ಹೆಚ್ಚಂದ್ರೆ 19.2 ಜಿಬಿ, ಎರಡಿದ್ರೆ 38.4. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನಂಥವನ ಸಿಸ್ಟಮಲ್ಲಿ ಸ್ಕ್ರೀನಿಗೆ ಬೇಕಾದ ಮೆಮೊರಿನೂ ಇದೇ ರ‍್ಯಾಮಿಂದಲೇ ಹೋಗೋದು, ಅದಕ್ಕೆ ಎರಡು ದಾರಿನೇ ಲೇಸು. ಏಳು ವರ್ಷದ ಸಿಸ್ಟಮ್ಮಿಗೆ ಇನ್ನು 32ರ ಕನಸು ಎಂತಕ್ಕೆ ಅಂತ ನನ್ನ ತೀರ್ಮಾನ.

ಕ್ರೂಷಿಯಲ್ಲಿನ 8 ಜಿಬಿ 3200 ಎರಡು ಆರ್ಡರ್ ಮಾಡಿದೆ, ಎರಡಕ್ಕೂ ಸೇರಿ 3,500ರ ಒಳಗೆ ಬಂತು ಆಗ. ಅಗ್ಗದ್ದು ಇತ್ತು, ಬಣ್ಣದ ಲೈಟ್ ಹೊತ್ತಿ ಉರಿಯೋದೂ ಇತ್ತು, ನನ್ನ ಸಿಪಿಯು ಮೇಜಿನ ಕೆಳಗೆ ಗೋಡೆಗೆ ಮುಖ ಹಾಕಿ ಕೂತಿದೆ, ಅದಕ್ಕೆ ಯಾವ ಯಕ್ಷಗಾನದ ವೇಷ. ಇದು ಬರೀ ಸ್ಟಿಕ್ಕು, ಹೀಟ್‌ಸಿಂಕ್ ಕೂಡ ಇಲ್ಲ, ಚಿಪ್ ಮಾಡೋ ಮೈಕ್ರಾನ್ ಕಂಪನಿಯದ್ದೇ ಬ್ರ್ಯಾಂಡು, ಲಿಮಿಟೆಡ್ ಲೈಫ್‌ಟೈಮ್ ವಾರಂಟಿ.

ಆರ್ಡರ್ ಮಾಡಿದ ವಾರದಲ್ಲೇ, ಜುಲೈ 16ಕ್ಕೆ, ಅಂಕೋಲಾ ಹತ್ರ ಶಿರೂರಲ್ಲಿ ಗುಡ್ಡ ಕುಸೀತು. ಹೆದ್ದಾರಿ ಬಂದ್. ಪಾರ್ಸೆಲ್ ಎಲ್ಲಿದೆ ಅಂತ ಆ್ಯಪಲ್ಲಿ ನೋಡಿದ್ರೆ ಮೂರು ದಿನ ಒಂದೇ ಜಾಗ, ನಾಲ್ಕನೇ ದಿನ ಕಸ್ಟಮರ್ ಕೇರಿಗೆ ಫೋನ್ ಮಾಡ್ಬೇಕು ಅಂತ ಮೊಬೈಲ್ ತೆಗೆದೆ, ಟಿವಿಯಲ್ಲಿ ಗಂಗಾವಳಿ ನದಿಯಲ್ಲಿ ಕಾಣೆಯಾದವ್ರನ್ನ ಹುಡುಕ್ತಾ ಇರೋದು ತೋರಿಸ್ತಾ ಇದ್ರು, ಮೊಬೈಲ್ ಕೆಳಗಿಟ್ಟೆ. ಪಾರ್ಸೆಲ್ಲು ಎಲ್ಲೆಲ್ಲೋ ಸುತ್ತಿ ಬಂದದ್ದು ಹನ್ನೆರಡನೇ ದಿನಕ್ಕೆ. ಹೇಗೂ ಆಷಾಢ, ಮದುವೆ ಇಲ್ಲ, ಎಪ್ರಿಲ್ ಮದುವೆಗಳ ಆಲ್ಬಂ ಬಾಕಿ ಇತ್ತು, ಗಿರಾಕಿಗಳೂ ಯಾರೂ ಒತ್ತಾಯ ಮಾಡ್ಲಿಲ್ಲ ಆ ದಿನಗಳಲ್ಲಿ.

ಹಾಕೋದು ನಿಜಕ್ಕೂ ಬಲ್ಬ್ ಹಾಕೋದಕ್ಕಿಂತ ಸ್ವಲ್ಪ ಕಷ್ಟ, ಗ್ಯಾಸ್ ಸಿಲಿಂಡರಿಗೆ ರೆಗ್ಯುಲೇಟರ್ ಹಾಕೋದಕ್ಕಿಂತ ಸುಲಭ. ಅಳಿಯ ವಿಡಿಯೋ ಕಾಲಲ್ಲಿ ಇದ್ದ. ಶಟ್‌ಡೌನ್ ಮಾಡಿ, ಪ್ಲಗ್ಗನ್ನೇ ಗೋಡೆಯಿಂದ ಕಿತ್ತು, ಆಮೇಲೆ ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿದೆ, ಒಳಗೆ ಉಳಿದ ಕರೆಂಟ್ ಹೋಗ್ಲಿ ಅಂತ. ಸಿಪಿಯು ಅಡ್ಡ ಮಲಗಿಸಿ, ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಕಬ್ಬಿಣ ಒಮ್ಮೆ ಮುಟ್ಟಿ, ಮೈಯಲ್ಲಿರೋ ಸ್ಟ್ಯಾಟಿಕ್ ಅಲ್ಲಿಗೆ ಹೋಗ್ತದೆ, ನಮ್ಮ ಮಳೆಗಾಲದ ತೇವಕ್ಕೆ ಸ್ಟ್ಯಾಟಿಕ್ ಹುಟ್ಟೋದೇ ಕಮ್ಮಿ, ಆದ್ರೂ ಮುಟ್ಟಿದೆ. ಸ್ಲಾಟಿನ ಎರಡು ತುದಿಯ ಕಿವಿ ಹೊರಗೆ ತಳ್ಳಿದ್ರೆ ಹಳೇ ಸ್ಟಿಕ್ ತಾನೇ ಮೇಲೆ ಬರ್ತದೆ. ಹೊಸದರ ಅಂಚು ಮಾತ್ರ ಹಿಡಿದು, ಹಲ್ಲು ಮುಟ್ಟದೆ, ಕಚ್ಚು ನೋಡಿ ನೇರ ಇಟ್ಟು ಎರಡು ಹೆಬ್ಬೆರಳಲ್ಲಿ ಎರಡು ತುದಿ ಒತ್ತಿದೆ. ಒಂದು ಕಡೆ ಟಕ್ ಅಂತು.

"ಮಾವ, ಆ ಕಡೆ ಕಿವಿ ಮೇಲೆ ಬರ್ಲಿಲ್ಲ, ಇನ್ನೊಂದ್ಸಲ ಒತ್ತಿ."

"ಬೋರ್ಡು ಬಾಗ್ತದೋ ತಮ್ಮಾ!"

"ಸ್ವಲ್ಪ ಬಾಗ್ತದೆ, ಒತ್ತಿ."

ಒತ್ತಿದೆ. ಟಕ್. ಈ ಎರಡನೇ ಟಕ್ ಬಾರದೆ ಇದ್ರೆ ಸ್ಟಿಕ್ ಅರ್ಧಂಬರ್ಧ ಕೂತಿರ್ತದೆ, ಆಗ್ಲೇ ಜನ ರ‍್ಯಾಮ್ ಡೆಡ್ ಬಂದಿದೆ ಅಂತ ವಾಪಸ್ ಕಳಿಸೋದು.

ಆನ್ ಮಾಡಿದೆ, ಫ್ಯಾನ್ ತಿರುಗ್ತು, ಸ್ಕ್ರೀನ್ ಕಪ್ಪು. ಒಮ್ಮೆ ತಾನೇ ಆಫ್ ಆಗಿ ಮತ್ತೆ ಆನ್ ಆಯ್ತು. ಎದೆ ಬಾಯಿಗೆ ಬಂದಿತ್ತು, ಅಳಿಯ ಮುಟ್ಬೇಡಿ ಮುಟ್ಬೇಡಿ ಅಂತಿದ್ದ, ಹೊಸ ರ‍್ಯಾಮಿನ ಜೊತೆ ಬೋರ್ಡು ಪರಿಚಯ ಮಾಡ್ಕೊಳ್ಳೋದಕ್ಕೆ ಮೊದಲ ಸಲ ಹೊತ್ತು ತಗೊಳ್ತದಂತೆ. ಅರ್ಧ ನಿಮಿಷದ ಮೇಲೆ ಲೋಗೋ ಬಂತು, ಬಯಾಸಲ್ಲಿ (ವಿಂಡೋಸಿಗಿಂತ ಮೊದಲು ಬರೋ ಬೋರ್ಡಿನ ಸೆಟ್ಟಿಂಗ್ ಸ್ಕ್ರೀನು) 16384 ಎಂಬಿ, ಅಂದ್ರೆ 16 ಜಿಬಿ.

ಇಲ್ಲಿ ಒಂದು ಗಾಬರಿ. ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್, ಮೆಮೊರಿ ನೋಡಿದ್ರೆ ಸ್ಪೀಡ್ 2400. ಪ್ಯಾಕ್ ಮೇಲೆ 3200! ಮತ್ತೆ ಮೋಸ ಹೋದೆ ಅಂತ ಒಂದು ಸ್ಟಾರ್ ಕೊಟ್ಟು ರಿವ್ಯೂ ಬರೀಲಿಕ್ಕೆ ಕೂತಿದ್ದೆ, ಆನ್‌ಲೈನಲ್ಲಿ ಹಾಗೇ ಬರೆದವ್ರು ಎಷ್ಟೋ ಜನ ಇದ್ದಾರೆ ನೋಡಿ. ಸ್ಟಿಕ್ಕಿನದ್ದು ತಪ್ಪಿಲ್ಲ. ನನ್ನ ಪ್ರೊಸೆಸರಿನ ಮಿತಿನೇ 2400. ಸ್ಟಿಕ್ಕಲ್ಲಿ ಒಂದು ಪುಟಾಣಿ ಚಿಪ್ ಇರ್ತದೆ, ಎಸ್‌ಪಿಡಿ ಅಂತ, ನಾನು ಯಾವ್ಯಾವ ಸ್ಪೀಡಲ್ಲಿ ಓಡ್ಬಲ್ಲೆ ಅನ್ನೋ ಜಾತಕ ಅದ್ರಲ್ಲಿದೆ, ಬೋರ್ಡು ಅದನ್ನ ಓದಿ ತನಗೆ ಹೊಂದೋದನ್ನ ಆರಿಸ್ಕೊಳ್ತದೆ. ಸಿಪಿಯು-ಝಡ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಈ ಜಾತಕ ನೋಡ್ಬಹುದು. ಅದ್ರಲ್ಲೇ ನೋಡಿದ್ದು, 3200ಕ್ಕೆ ಸಿಎಲ್ (ಕೇಳಿದ್ದನ್ನ ಕೊಡೋದಕ್ಕೆ ಸ್ಟಿಕ್ ಕಾಯಿಸೋ ಎಣಿಕೆ) 22 ಇದ್ದದ್ದು 2400ಕ್ಕೆ ಇಳಿದಾಗ 17 ಆಗಿತ್ತು, ನ್ಯಾನೋಸೆಕೆಂಡ್ ಲೆಕ್ಕದಲ್ಲಿ 13.75 ಇದ್ದದ್ದು 14.2 ಹತ್ರ, ಅಂದ್ರೆ ಕಾಯಿಸೋದ್ರಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಹಾಗಾದ್ರೆ 2400ದ್ದೇ ತಗೋಬಹುದಿತ್ತಲ್ಲ ಅಂದ್ರೆ ತಗೋಬಹುದಿತ್ತು, ಆಗ 3200ದೇ ಅದಕ್ಕಿಂತ ಅಗ್ಗ ಇತ್ತು, ಮುಂದೆ ಬೇರೆ ಬೋರ್ಡಿಗೂ ಬರ್ತದೆ.

ರಾತ್ರಿ ಮೆಮ್‌ಟೆಸ್ಟ್ ಹಚ್ಚಿಟ್ಟು ಮಲಗಿದೆ. ಫ್ರೀದ್ರಲ್ಲಿ ನಾಲ್ಕು ಸುತ್ತು. ಎರಡನೇ ಸುತ್ತಲ್ಲಿ ಕರೆಂಟ್ ಹೋಯ್ತು, ಯುಪಿಎಸ್ಸು ಇಪ್ಪತ್ತು ನಿಮಿಷ ಕೂಗಿ ಕೂಗಿ ಸತ್ತಿತು, ಹೆಂಡತಿ ಎದ್ದು ಇದೆಂತ ಮನೆಯಾ ಅಂದ್ಲು. ಮರುದಿನ ಮೊದಲಿಂದ. ಸಂಜೆಗೆ ಸೊನ್ನೆ ತಪ್ಪು.

ಅವತ್ತಿಂದ ಇವತ್ತಿನವರೆಗೆ ಎರಡು ಸೀಸನ್ ಆಲ್ಬಂ ಮಾಡಿದ್ದೇನೆ, ನೀಲಿ ಸ್ಕ್ರೀನ್ ಒಂದೂ ಬಂದಿಲ್ಲ, ಪಟ್ಟಿ ಬಿದ್ದ ಫೋಟೋ ಇಲ್ಲ. ಇಪ್ಪತ್ತು ಶೀಟಿನ ಕೆಲಸದಲ್ಲಿ ಚಾ ಕುಡಿಯೋದಕ್ಕೆ ನಾನೇ ನೆನಪು ಮಾಡ್ಕೊಂಡು ಏಳ್ಬೇಕು. ಆದ್ರೆ ಬರೀ ರ‍್ಯಾಮ್ ಹಾಕಿದಾಗ ಆನ್ ಆಗೋದು ಹಾಗೇ ನಿಧಾನ ಇತ್ತು, ಫೋಟೋಶಾಪ್ ತೆರೆಯೋದೂ ನಿಧಾನ, ಅದು ಹಾರ್ಡ್ ಡಿಸ್ಕಿನ ಕೆಲಸ, ರ‍್ಯಾಮ್ ಹಾಕಿದ ಕೂಡ್ಲೆ ಎಲ್ಲಾ ಹಾರ್ತದೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ನಿಮ್ಮ ಸಿಸ್ಟಮಲ್ಲಿ 8 ಜಿಬಿ ತುಂಬೋದೇ ಇಲ್ಲ, ಟ್ಯಾಲಿ ಮತ್ತೆ ಬ್ರೌಸರು ಅಷ್ಟೇ ಅಂತಾದ್ರೆ ಆ ದುಡ್ಡಿಗೆ ಹಾರ್ಡ್ ಡಿಸ್ಕಿಗಿಂತ ವೇಗದ ಎಸ್‌ಎಸ್‌ಡಿ ಹಾಕ್ಸಿ. ನಾನು ಎಸ್‌ಎಸ್‌ಡಿ ಆಮೇಲೆ ಹಾಕ್ಸಿದೆ, ಅದ್ರ ಕತೆ ಬೇರೆ.

ಒಂದು ಸ್ಟಾರ್ ಕಮ್ಮಿ ಮಾಡಿದ್ದು ಪ್ಯಾಕಿಗೆ. ತೆಳ್ಳಗಿನ ಪ್ಲಾಸ್ಟಿಕ್ಕು, ಹೊರಗೆ ಪೇಪರ್ ಲಕೋಟೆ, ನಮ್ಮೂರ ಮಳೆಯಲ್ಲಿ ಲಕೋಟೆ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗಿ ಬಂದಿತ್ತು. ಒಳಗೆ ನೀರು ಹೋಗ್ಲಿಲ್ಲ, ಪುಣ್ಯ.

ಈಗ ತಗೊಳ್ಳೋರಿಗೆ ಕಹಿ ಸುದ್ದಿ ಇದೆ. ನಾನು ಕೊಟ್ಟ ರೇಟಿಗೆ ಈಗ ಕನಸಲ್ಲೂ ಬರೋದಿಲ್ಲ, ಎಐ ಡೇಟಾ ಸೆಂಟರುಗಳು ಮೆಮೊರಿ ಎಲ್ಲಾ ಬಾಚ್ಕೊಂಡು ಹೋಗ್ತಾ ಇವೆ, 2025ರ ಕೊನೆಯಿಂದ ರೇಟು ಮಳೆಗಾಲದ ಮೀನಿನ ಹಾಗೆ ಏರಿದೆ. ಮೈಕ್ರಾನಿನವ್ರು 2025ರ ಡಿಸೆಂಬರಲ್ಲಿ ಈ ಕ್ರೂಷಿಯಲ್ ಅನ್ನೋ ಗ್ರಾಹಕರ ವ್ಯಾಪಾರವನ್ನೇ ಬಿಡ್ತೇವೆ ಅಂದ್ರು, 2026ರ ಫೆಬ್ರವರಿವರೆಗೆ ಮಾಲು, ವಾರಂಟಿ ಮಾತ್ರ ಮುಂದುವರಿಸ್ತೇವೆ ಅಂತ. ಇನ್ನೊಂದು, ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ನನ್ನ ಏಳನೇ ತಲೆಮಾರಿನ ಐ5 ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ. ಅವತ್ತು 3,500ಕ್ಕೆ ಲೆಕ್ಕ ಸರಿ ಇತ್ತು, ಈಗಿನ ರೇಟಲ್ಲಿ ಇಷ್ಟು ಹಳೇ ಬೋರ್ಡಿಗೆ ಹಾಕೋದಾದ್ರೆ ನಾನಾದ್ರೂ ನಾಲ್ಕು ಸಲ ಯೋಚನೆ ಮಾಡ್ತಿದ್ದೆ, ಮೊದಲು ರಬ್ಬರ್ ತಗೊಂಡು ಉಜ್ಜಿ ನೋಡ್ತಿದ್ದೆ.

ನನ್ನ ಹಳೇ 4 ಜಿಬಿ ಚೆನ್ನಾಗಿರೋದು ಒಂದು ಡ್ರಾಯರಲ್ಲಿ ಇದೆ, ಡಿಡಿಆರ್4 2400, ಟೆಸ್ಟ್ ಮಾಡಿದ್ದು. ಕುಮಟಾ ಹೊನ್ನಾವರ ಕಡೆ ಯಾರಿಗಾದ್ರೂ ಬೇಕಾದ್ರೆ ಹೇಳಿ, ದುಡ್ಡು ಬೇಡ, ಬರುವಾಗ ನಿಮ್ಮ ಹಳೇ ಸ್ಟಿಕ್ ತಗೊಂಡು ಬನ್ನಿ.